ಎಮ್ಡೆನ್ ಕಪ್ತಾನನ ಸೇವಾ ದಾಖಲೆ ಜೋಡಿಸುತ್ತಾ ಹೋದಾಗ

1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾರಿಸಿ ಹೋದ ಜರ್ಮನ್ ಯುದ್ಧನೌಕೆ ಎಮ್ಡೆನ್ ಕಥೆ ದಕ್ಷಿಣ ಭಾರತದಲ್ಲಿ ಬಹಳ ಜನರಿಗೆ ಗೊತ್ತು. ಅದರ ಕಪ್ತಾನ ಕಾರ್ಲ್ ಫಾನ್ ಮುಲ್ಲರ್ ಆಮೇಲೆ ಎಲ್ಲಿ ಹೋದ, ಅದಕ್ಕೂ ಮೊದಲು ಎಲ್ಲಿದ್ದ ಎಂದು ಕೇಳುವವರು ಕಡಿಮೆ. ನನಗೆ ಆ ಪ್ರಶ್ನೆ ಹುಟ್ಟಿದ್ದಕ್ಕೆ ಕಾರಣ, ಆತ ಸೆರೆಯಲ್ಲಿದ್ದ ಕಟ್ಟಡದ ಆವರಣದಲ್ಲೇ ನಾನು ಓದಿದ್ದು.

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೃಷಿ ಮತ್ತು ಆಹಾರ ವಿಜ್ಞಾನ ವಿಭಾಗಗಳು ಇರುವುದು ಮುಖ್ಯ ಕ್ಯಾಂಪಸ್ಸಿನಲ್ಲಲ್ಲ, ಬಸ್ಸು ಹಿಡಿದು ಹೋಗಬೇಕಾದ ಸಟನ್ ಬಾನಿಂಗ್ಟನ್ ಎಂಬ ಹಳ್ಳಿಯಲ್ಲಿ. ಮಂಗಳೂರಿನಿಂದ ನಾನು ಹೋಗಿ ಸೇರಿದ್ದು ಅಲ್ಲಿಗೆ. ಅಲ್ಲಿನ ಹಳೆಯ ಕಟ್ಟಡಗಳನ್ನು ಕಟ್ಟಿಸಿದ್ದು ಮಿಡ್‌ಲ್ಯಾಂಡ್ ಕೃಷಿ ಕಾಲೇಜಿಗೆಂದು. ಕಟ್ಟಿ ಮುಗಿಯುವಷ್ಟರಲ್ಲಿ ಮೊದಲ ಮಹಾಯುದ್ಧ ಬಂದಿತ್ತು, ಸರ್ಕಾರ ಅವನ್ನು ವಶಕ್ಕೆ ತೆಗೆದುಕೊಂಡು ಸೆರೆಸಿಕ್ಕ ಜರ್ಮನ್ ಅಧಿಕಾರಿಗಳ ಶಿಬಿರ ಮಾಡಿತು. 1917ರ ಸೆಪ್ಟೆಂಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಧಿಕಾರಿಗಳು ಸುರಂಗ ತೋಡಿ ಅಲ್ಲಿಂದ ಪರಾರಿಯಾದರು. ಅವರ ಮುಂದಾಳು ಮುಲ್ಲರ್. ಕ್ಯಾಂಪಸ್ಸಿನ ಹಿರಿಯರೊಬ್ಬರು ಮಾತಿನ ನಡುವೆ ಇದನ್ನು ಹೇಳಿದಾಗ ನಾನು ಮದ್ರಾಸಿನ ಹೆಸರೆತ್ತಿದೆ. ಅವರಿಗೆ ಮದ್ರಾಸು ಗೊತ್ತಿರಲಿಲ್ಲ, ನನಗೆ ಸುರಂಗ ಗೊತ್ತಿರಲಿಲ್ಲ. ಒಬ್ಬನೇ ಮನುಷ್ಯನ ಬದುಕಿನ ಎರಡು ತುಂಡು ಎರಡು ದೇಶಗಳಲ್ಲಿ ಒಂದಕ್ಕೊಂದು ಪರಿಚಯವಿಲ್ಲದೆ ಬಿದ್ದಿದ್ದವು. ಆತ ನೌಕಾಪಡೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಎಲ್ಲವನ್ನೂ ಸಾಲಾಗಿ ಓದಬೇಕು ಅಂತ ಅನ್ನಿಸಿದ್ದು ಆಗ.

ಇಂಥ ಕೆಲಸಕ್ಕೆ ಮೊದಲು ಕೈಹಾಕಬೇಕಾದದ್ದು ಜೀವನಚರಿತ್ರೆಗಳಿಗಲ್ಲ, ಪಟ್ಟಿಗಳಿಗೆ. ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ ಜರ್ಮನ್ ನೌಕಾಪಡೆ ಪ್ರತಿ ವರ್ಷ ತನ್ನ ಅಧಿಕಾರಿಗಳ ದರ್ಜೆಪಟ್ಟಿಯನ್ನು ಅಚ್ಚು ಹಾಕಿಸುತ್ತಿತ್ತು, ಅದರ ಹೆಸರು ರಾಂಗ್‌ಲಿಸ್ಟೆ. ಯಾರು ಯಾವ ದರ್ಜೆಯಲ್ಲಿ ಇದ್ದಾರೆ, ಆ ದರ್ಜೆ ಯಾವ ತಾರೀಖಿನಿಂದ ಸಿಕ್ಕಿತು, ಈಗ ಯಾವ ಹಡಗಿನಲ್ಲಿ ಅಥವಾ ದಡದ ಯಾವ ಕಚೇರಿಯಲ್ಲಿ ಕೆಲಸ, ಅಷ್ಟೇ ಅದರಲ್ಲಿ ಇರುವುದು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಒಂದು ವರ್ಷದ ಪಟ್ಟಿ ಓದಿದರೆ ಏನೂ ತಿಳಿಯುವುದಿಲ್ಲ. ಹತ್ತಾರು ವರ್ಷಗಳದನ್ನು ಒಂದರ ಪಕ್ಕ ಒಂದಿಟ್ಟು ಒಂದೇ ಹೆಸರಿನ ಹಿಂದೆ ಹೋದರೆ, ಮೇಲಿನ ಹೆಸರುಗಳು ಉದುರುತ್ತಾ ಈ ಹೆಸರು ಮೇಲೇರುವುದು ಕಾಣುತ್ತದೆ. ಸೇವಾ ಜ್ಯೇಷ್ಠತೆ ಎಂದರೆ ಏನು ಅಂತ ನಮ್ಮ ಸರ್ಕಾರಿ ನೌಕರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಅದೇ ಲೆಕ್ಕ. ಒಂದೇ ವರ್ಷ ಸೇರಿದವರನ್ನೆಲ್ಲ ಒಟ್ಟಿಗೆ ಒಂದು 'ಕ್ರೂ' ಅನ್ನುತ್ತಿದ್ದರು. ಮುಲ್ಲರ್ 1891ರ ಕ್ರೂ. ಆ ವರ್ಷದ ಗುರುತು ಅಧಿಕಾರಿಯ ಜೊತೆ ಕೊನೆತನಕ ಇರುತ್ತಿತ್ತು.

ಅಕ್ಷರದ್ದು ಬೇರೆಯೇ ಸಮಸ್ಯೆ. ಆ ಕಾಲದ ಜರ್ಮನ್ ಮುದ್ರಣದಲ್ಲಿ ಎಫ್ ಮತ್ತು ಉದ್ದ ಎಸ್ ಒಂದೇ ಥರ ಕಾಣುತ್ತವೆ. ಕೈಬರಹವಂತೂ ಇಂದಿನ ಜರ್ಮನ್ನರಿಗೇ ಓದಲಿಕ್ಕೆ ಬರುವುದಿಲ್ಲ. ಸ್ಟುಟ್‌ಗಾರ್ಟಿನಲ್ಲಿ ಇರುವ ಊರಿನ ಗೆಳತಿಯೊಬ್ಬಳು ಹಳೆ ಲಿಪಿ ಕಲಿತಿದ್ದಳು. ಅವಳಿಗೆ ಪುಟಗಳ ಚಿತ್ರ ಕಳಿಸುತ್ತಿದ್ದೆ, ರಾತ್ರಿ ಫೋನಿನಲ್ಲಿ ಕೂತು ಓದುತ್ತಿದ್ದೆವು. ಒಮ್ಮೆ ದೊಡ್ಡ ಹುದ್ದೆಯ ಫಾನ್ ಮುಲ್ಲರ್ ಒಬ್ಬನ ಹೆಸರು ಸಿಕ್ಕಿತು.

"ಇವ ನಿನ್ನವ ಅಲ್ಲ ಮಾರಾಯ್ತಿ" ಅಂದಳು. "ಇವ ಅಡ್ಮಿರಲ್. ನಿನ್ನವ ಆಗ ಎಲ್ಲಿಯ ಅಡ್ಮಿರಲ್?"

ಅವಳ ಮಾತು ಸರಿ. ಆತ ಗೇಯೋರ್ಗ್ ಅಲೆಕ್ಸಾಂಡರ್ ಫಾನ್ ಮುಲ್ಲರ್, 1906ರಿಂದ ಕೈಸರನ ನೌಕಾ ಕ್ಯಾಬಿನೆಟ್ಟಿನ ಮುಖ್ಯಸ್ಥ. ಅಧಿಕಾರಿಗಳ ನೇಮಕ, ಬಡ್ತಿ, ವರ್ಗಾವಣೆಯ ಕಡತಗಳು ಕೈಸರನ ಮುಂದೆ ಹೋಗುತ್ತಿದ್ದದ್ದು ಆ ಕಚೇರಿಯ ಮೂಲಕ. ಹಾಗಾಗಿ ನಮ್ಮ ಮುಲ್ಲರನ ಬಡ್ತಿಯ ಕಾಗದ ಇನ್ನೊಬ್ಬ ಮುಲ್ಲರನ ಮೇಜಿನ ಮೇಲಿಂದಲೇ ಹೋಗಬೇಕು. ಜರ್ಮನಿಯಲ್ಲಿ ಮುಲ್ಲರ್ ಎಂದು ಹುಡುಕುವವರು ಪೂರ್ತಿ ಹೆಸರು, ಹುಟ್ಟಿದ ತಾರೀಖು, ಸೇರಿದ ವರ್ಷ ಮೂರನ್ನೂ ಕೈಯಲ್ಲಿ ಇಟ್ಟುಕೊಂಡೇ ಕೂರಬೇಕು: ಕಾರ್ಲ್ ಫ್ರೀಡ್ರಿಖ್ ಮಾಕ್ಸ್ ಫಾನ್ ಮುಲ್ಲರ್, 16 ಜೂನ್ 1873, ಹಾನೋವರ್.

ಎಚ್ಚರ ಬೇಕಾದ ಇನ್ನೊಂದು ಕಡೆ 1899. ಆ ವರ್ಷ ಕೆಳದರ್ಜೆಗಳ ಹೆಸರೇ ಬದಲಾಯಿತು. ಉಂಟರ್‌ಲಾಯ್ಟ್‌ನಂಟ್ ಅಂತ ಇದ್ದದ್ದು ಲಾಯ್ಟ್‌ನಂಟ್ ಆಯಿತು, ಲಾಯ್ಟ್‌ನಂಟ್ ಇದ್ದದ್ದು ಓಬರ್‌ಲಾಯ್ಟ್‌ನಂಟ್ ಆಯಿತು. ಪಟ್ಟಿ ಮಾತ್ರ ನೋಡಿದರೆ ಇಡೀ ನೌಕಾಪಡೆಗೆ ಒಂದೇ ದಿನ ಬಡ್ತಿ ಬಂದ ಹಾಗೆ ತೋರುತ್ತದೆ. ದರ್ಜೆಯ ಹೆಸರಿಗಿಂತ ಅದರ ಮುಂದಿನ ತಾರೀಖನ್ನು ನಂಬುವುದು ಒಳ್ಳೆಯದು.

ಹೀಗೆ ಜೋಡಿಸಿದಾಗ ಸಿಕ್ಕ ಚಿತ್ರ ಇದು. ಅಪ್ಪ ಪ್ರಷ್ಯಾ ಸೈನ್ಯದಲ್ಲಿ ಕರ್ನಲ್. ಹುಡುಗ ಹಾನೋವರ್ ಮತ್ತು ಕೀಲ್‌ನಲ್ಲಿ ಓದಿ, ಪ್ಲ್ಯೋನ್‌ನ ಸೈನಿಕ ಶಾಲೆ ಸೇರಿ, 1891ರ ಈಸ್ಟರ್ ಹೊತ್ತಿಗೆ ನೌಕಾಪಡೆಗೆ ಬಂದ. ಸ್ಟೋಶ್ ಎಂಬ ತರಬೇತಿ ಹಡಗು, ಆಮೇಲೆ ಗ್ನೈಸೆನೌನಲ್ಲಿ ಅಮೆರಿಕ ಖಂಡದ ಕಡೆಗೆ ಯಾನ. 1894ರಲ್ಲಿ ಅಧಿಕಾರಿಯ ದರ್ಜೆ ಸಿಕ್ಕಿ ಬಾಡೆನ್ ಯುದ್ಧನೌಕೆಯಲ್ಲಿ ಸಿಗ್ನಲ್ ಕೆಲಸ, ಅಲ್ಲಿಂದ ಸಾಕ್ಸೆನ್‌ಗೆ. ಸಿಗ್ನಲ್ ಅಧಿಕಾರಿ ಎಂದರೆ ಬಾವುಟ, ದೀಪಗಳ ಭಾಷೆಯಲ್ಲಿ ದೂರದ ಹಡಗು ಏನು ಹೇಳುತ್ತಿದೆ, ಅದು ಯಾರದು ಎಂದು ಕ್ಷಣದಲ್ಲಿ ಗುರುತಿಸಬೇಕಾದವನು. ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಶ್ವಾಲ್ಬೆ ಎಂಬ ಸಣ್ಣ ನೌಕೆಯಲ್ಲಿ ಜರ್ಮನ್ ಪೂರ್ವ ಆಫ್ರಿಕಕ್ಕೆ, ಅಂದರೆ ಇಂದಿನ ಟಾಂಜಾನಿಯಾ ಕರಾವಳಿಗೆ. ಅಲ್ಲಿ ಮಲೇರಿಯ ಹಿಡಿಯಿತು. ಆಗಿನ್ನೂ ಮೂವತ್ತು ದಾಟದ ಹುಡುಗ. ಆ ಜ್ವರ ಸಾಯುವವರೆಗೂ ಬಿಡಲಿಲ್ಲ. ಮುಂದಿನ ಪ್ರತಿ ತಿರುವಿನಲ್ಲೂ ಅದು ತಲೆ ಹಾಕುತ್ತದೆ.

1900ರಲ್ಲಿ ಜರ್ಮನಿಗೆ ವಾಪಸು. ಸ್ವಲ್ಪ ಕಾಲ ದಡದ ಕೆಲಸ. ಅನಂತರ ಕೈಸರ್ ವಿಲ್ಹೆಲ್ಮ್ II ಯುದ್ಧನೌಕೆಯಲ್ಲಿ ಎರಡನೇ ತೋಪು ಅಧಿಕಾರಿ. ಬಳಿಕ ಕೈಸರನ ತಮ್ಮ ಪ್ರಿನ್ಸ್ ಹೈನ್ರಿಖ್‌ನ ಸಿಬ್ಬಂದಿಯಲ್ಲಿ. 1908ರ ಡಿಸೆಂಬರಿನಲ್ಲಿ ಕೋರ್ವೆಟನ್‌ಕಾಪಿಟೇನ್ ಎಂಬ ಮಧ್ಯಮ ಹಂತದ ಅಧಿಕಾರಿ ದರ್ಜೆ, ಬರ್ಲಿನ್‌ನಲ್ಲಿ ಟಿರ್ಪಿಟ್ಸ್‌ನ ನೌಕಾ ಕಚೇರಿಯಲ್ಲಿ ಕುರ್ಚಿ. ಟಿರ್ಪಿಟ್ಸ್ ಆ ವರ್ಷಗಳಲ್ಲಿ ಬ್ರಿಟನ್ನಿಗೆ ಸಾಟಿಯಾಗುವ ನೌಕಾಪಡೆ ಕಟ್ಟಲು ಹೊರಟಿದ್ದವನು. ಅವನ ಕಚೇರಿಯಲ್ಲಿ ಕೂತವನಿಗೆ ಕಬ್ಬಿಣ, ಕಲ್ಲಿದ್ದಲು, ಹಣ, ಬಂದರು ಇವೇ ದಿನವಿಡೀ ಮಾತು.

ಸೇರಿ ಇಪ್ಪತ್ತೆರಡು ವರ್ಷ ಕಳೆದಿದೆ. ಇಷ್ಟರಲ್ಲಿ ಒಂದು ಯುದ್ಧವನ್ನೂ ನೋಡಿಲ್ಲ, ಪತ್ರಿಕೆಯಲ್ಲಿ ಬರುವಂಥ ಕೆಲಸ ಒಂದೂ ಮಾಡಿಲ್ಲ. ಸಿಗ್ನಲ್, ತೋಪು, ಸಿಬ್ಬಂದಿ ಕೆಲಸ, ಕಚೇರಿ. ಹೊರಗಿನಿಂದ ನೋಡುವವರಿಗೆ ಇದು ನೀರಸ ಅನ್ನಿಸಬಹುದು. ನನಗೆ ಈ ಭಾಗವೇ ಹಿಡಿಸಿತು. ಎಮ್ಡೆನ್ ಬಗ್ಗೆ ಬರೆಯುವವರೆಲ್ಲ ಮುಲ್ಲರನನ್ನು ಹುಟ್ಟು ಸಾಹಸಿ ಅಂತ ಚಿತ್ರಿಸುತ್ತಾರೆ. ಪಟ್ಟಿಗಳು ಹೇಳುವುದು ಬೇರೆ. ಆತನ ಕೈಕೆಳಗಿದ್ದ ಅಧಿಕಾರಿಗಳ ನೆನಪುಗಳಲ್ಲೂ ಕಾಣುವುದು ಮಾತು ಕಡಿಮೆಯ, ಸಂಕೋಚದ, ಸದಾ ನಕ್ಷೆಯ ಮುಂದೆ ಕೂತಿರುವ ಮನುಷ್ಯ.

1913ರಲ್ಲಿ ಎಮ್ಡೆನ್ ಕೈಗೆ ಬಂತು. ನಲವತ್ತರ ಹತ್ತಿರದಲ್ಲಿ, ಮೊದಲ ದೊಡ್ಡ ಹಡಗು. ಚೀನಾ ಕರಾವಳಿಯ ಛಿಂಗ್‌ಡಾವ್ ಆಗ ಜರ್ಮನ್ನರ ವಶದಲ್ಲಿತ್ತು, ಹಡಗಿನ ನೆಲೆ ಅಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಯಾಂಗ್ಟ್ಸಿ ನದಿಯ ಮೇಲೆ ಚೀನೀ ಬಂಡುಕೋರರ ಕೋಟೆಯಿಂದ ಗುಂಡು ಬಂದಾಗ ಎಮ್ಡೆನ್ ತಿರುಗಿ ಹೊಡೆದು ಆ ತೋಪುಗಳ ಬಾಯಿ ಮುಚ್ಚಿಸಿತು. ಅದಕ್ಕೆ ಮುಲ್ಲರ್‌ಗೆ ಪದಕ ಸಿಕ್ಕಿತು. ಮುಲ್ಲರನ ಸೌಜನ್ಯದ ಕಥೆಗಳನ್ನು ಹೇಳುವವರು ಈ ಪುಟವನ್ನು ಹಾರಿಸಿ ಹೋಗುತ್ತಾರೆ. ಬೇರೆಯವರ ದೇಶದ ನದಿಯಲ್ಲಿ ಯುರೋಪಿನ ಯುದ್ಧನೌಕೆಗೆ ಏನು ಕೆಲಸ ಎಂಬ ಪ್ರಶ್ನೆ ಆ ಕಾಲದ ನೌಕಾ ಅಧಿಕಾರಿಯ ವೃತ್ತಿಯ ನಡುಮಧ್ಯದ ಪ್ರಶ್ನೆ. ಬ್ರಿಟಿಷರದ್ದಾಗಲಿ ಜರ್ಮನ್ನರದ್ದಾಗಲಿ, ಆ ಕೆಲಸದ ಅರ್ಧ ಭಾಗ ಇಂಥದ್ದೇ ಆಗಿತ್ತು. ಅದನ್ನು ಬಿಟ್ಟು ಬರೆದರೆ ದಾಖಲೆ ಪೂರ್ತಿ ಆಗುವುದಿಲ್ಲ.

ಇನ್ನು ಯುದ್ಧದ ತಿಂಗಳುಗಳು. ಇಲ್ಲಿ ಹುಡುಕುವ ದಾರಿ ತಿರುಗಾಮುರುಗಾ ಆಗುತ್ತದೆ. ಅಷ್ಟು ಹೊತ್ತು ಜರ್ಮನ್ ಕಾಗದ ಹೇರಳ, ಇಲ್ಲಿಂದ ಮುಂದೆ ಅದು ಬತ್ತುತ್ತದೆ, ಏಕೆಂದರೆ ಹಡಗೇ ಹೋಯಿತು. ಮುಲ್ಲರನ ವರದಿ ಸೆರೆಯ ನಂತರದ್ದು. ಬದಲಿಗೆ ಎದುರಾಳಿಗಳ ಕಾಗದ ಸಿಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ನಡೆಸುವ 'ಟ್ರೋವ್' ತಾಣದಲ್ಲಿ ಆಗಿನ ಪತ್ರಿಕೆಗಳೆಲ್ಲ ದುಡ್ಡಿಲ್ಲದೆ ಓದಲು ಸಿಗುತ್ತವೆ. ಯಂತ್ರ ಓದಿದ ಪಠ್ಯದಲ್ಲಿ ತಪ್ಪಿದ್ದರೆ ಓದುಗರೇ ತಿದ್ದಬಹುದು, ನಾನೂ ಎಷ್ಟೋ ಸಾಲು ತಿದ್ದಿದೆ. ಎಮ್ಡೆನ್ ಹಿಡಿದು ಬಿಟ್ಟ ಹಡಗುಗಳ ನಾವಿಕರು ಬಂದರು ಮುಟ್ಟಿದ ಕೂಡಲೇ ಪತ್ರಕರ್ತರಿಗೆ ಹೇಳಿದ ಮಾತು ಅಲ್ಲಿ ಹಸಿಯಾಗಿ ಇದೆ.

ನಡೆದದ್ದರ ಎಳೆ ಹೀಗಿದೆ. ಯುದ್ಧ ಶುರುವಾಗುವ ಮೊದಲೇ, ಜುಲೈ 31ಕ್ಕೆ, ಮುಲ್ಲರ್ ಛಿಂಗ್‌ಡಾವ್ ಬಿಟ್ಟು ಕಡಲಿಗೆ ಇಳಿದಿದ್ದ. ಶಾಂತಸಾಗರದ ಪಾಗನ್ ದ್ವೀಪದಲ್ಲಿ ಜರ್ಮನಿಯ ಪೂರ್ವ ಏಷ್ಯಾ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಷ್ಪೇ ತನ್ನ ಕಪ್ತಾನರನ್ನು ಕೂರಿಸಿಕೊಂಡು ಕೇಳಿದ: ಮುಂದೇನು? ಇಡೀ ಪಡೆಗೆ ಹಿಂದೂ ಮಹಾಸಾಗರದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ, ಆದರೆ ಒಂದು ಹಗುರ ನೌಕೆಗೆ ಸಾಕಾಗುವಷ್ಟನ್ನು ಹೇಗಾದರೂ ಹೊಂದಿಸಬಹುದು, ಅದನ್ನು ಕಳಿಸಿ ಎಂದವನು ಮುಲ್ಲರ್. ಷ್ಪೇ ಒಪ್ಪಿದ. ಮಾರ್ಕೊಮಾನಿಯಾ ಎಂಬ ಒಂದು ಕಲ್ಲಿದ್ದಲು ಹಡಗನ್ನು ಜೊತೆಗೆ ಕೊಟ್ಟು ಬೀಳ್ಕೊಟ್ಟ. ಬರ್ಲಿನ್ ಕಚೇರಿಯ ವರ್ಷಗಳು ಈ ಒಂದು ಸಲಹೆಯಲ್ಲಿ ಇವೆ ಅಂತ ನನ್ನ ನಂಬಿಕೆ. ಹಿಂದೂ ಮಹಾಸಾಗರದ ಸುತ್ತ ಒಂದೇ ಒಂದು ಜರ್ಮನ್ ಸ್ನೇಹದ ಬಂದರಿಲ್ಲ. ಎಲ್ಲ ಲೆಕ್ಕವೂ ಕಲ್ಲಿದ್ದಲಿನದು.

ಆ ಕಲ್ಲಿದ್ದಲಿನ ವಿಷಯ ಸ್ವಲ್ಪ ಹೇಳಬೇಕು. ಎಮ್ಡೆನ್ 1908ರಲ್ಲಿ ಡಾನ್ಸಿಗ್‌ನಲ್ಲಿ ನೀರಿಗಿಳಿದ ಹಡಗು, ಹಳೆಯ ಪಿಸ್ಟನ್ ಎಂಜಿನ್ನಿನ ಜರ್ಮನ್ ಹಗುರ ನೌಕೆಗಳಲ್ಲಿ ಕೊನೆಯದು. ಕಲ್ಲಿದ್ದಲು ಉರಿಸಿಯೇ ಓಡಬೇಕು. ನಡುಗಡಲಿನಲ್ಲಿ ತುಂಬಿಸುವುದು ಎಂದರೆ ಎರಡು ಹಡಗುಗಳನ್ನು ಪಕ್ಕಪಕ್ಕ ಕಟ್ಟಿ, ಅಲೆಗೆ ಅವು ಒಂದಕ್ಕೊಂದು ಗುದ್ದದಂತೆ ನಡುವೆ ಆಸರೆ ಇಳಿಬಿಟ್ಟು, ಗೋಣಿಯಲ್ಲಿ ತುಂಬಿ ತುಂಬಿ ಈ ಕಡೆಗೆ ಎತ್ತುವುದು. ಉಷ್ಣವಲಯದ ಬಿಸಿಲು, ಮೈಯೆಲ್ಲ ಮಸಿ, ಮೂಗಿನಲ್ಲಿ ಮಸಿ. ಗೂಡು ತುಂಬಿದ ಮೇಲೆ ಡೆಕ್ಕಿನ ಮೇಲೂ ರಾಶಿ ಹಾಕುತ್ತಿದ್ದರು, ಓಡಾಡಲು ಜಾಗ ಉಳಿಯುತ್ತಿರಲಿಲ್ಲ. ಕಲ್ಲಿದ್ದಲಿನ ಜಾತಿಯೂ ಮುಖ್ಯ. ಬಂಗಾಳ ಕೊಲ್ಲಿಯಲ್ಲಿ ಮೊದಲು ಕೈಗೆ ಸಿಕ್ಕ ಗ್ರೀಕ್ ಹಡಗು ಪೊಂಟೊಪೊರೊಸ್‌ನಲ್ಲಿ ಇದ್ದದ್ದು ಭಾರತದ ಕಲ್ಲಿದ್ದಲು. ಅದು ಹೊಗೆ ಜಾಸ್ತಿ ಕಾರುವ ಮಾಲು, ಅಡಗಿ ಓಡಾಡುವ ಹಡಗನ್ನು ಹೊಗೆಯೇ ದೂರದಿಂದ ತೋರಿಸಿಕೊಟ್ಟುಬಿಡುತ್ತದೆ. ಸಿಂಹಳದ ಬಳಿ ಹಿಡಿದ ಬ್ಯೂರೆಸ್ಕ್ ತುಂಬ ವೇಲ್ಸ್‌ನ ಉತ್ತಮ ಕಲ್ಲಿದ್ದಲು, ಅದೂ ಬ್ರಿಟಿಷ್ ನೌಕಾಪಡೆಗೆಂದೇ ಹೊರಟದ್ದು. ಅದನ್ನು ಮುಳುಗಿಸದೆ ಜೊತೆಗೇ ಇಟ್ಟುಕೊಂಡರು. ಸೆಪ್ಟೆಂಬರ್ 10ರಂದು ಹಿಡಿದ ಇಂಡಸ್‌ನಲ್ಲಿ ಸಿಕ್ಕ ಸೋಪು ನಾವಿಕರಿಗೆ ಹಬ್ಬವಾಯಿತಂತೆ. ಮಸಿಯಲ್ಲಿ ಮುಳುಗೆದ್ದವರಿಗೆ ಸೋಪಿನ ಬೆಲೆ ಗೊತ್ತು.

ಇನ್ನೊಂದು ಉಪಾಯ ಹೊಗೆಕೊಳವೆಯದು. ಎಮ್ಡೆನ್‌ಗೆ ಮೂರು ಕೊಳವೆ, ಬ್ರಿಟಿಷರ ಯಾರ್ಮತ್ ನೌಕೆಗೆ ನಾಲ್ಕು. ಮರ, ಕ್ಯಾನ್ವಾಸು ಸೇರಿಸಿ ನಾಲ್ಕನೆಯದೊಂದು ಹುಸಿ ಕೊಳವೆ ಕಟ್ಟಿ ನಿಲ್ಲಿಸಿದರು. ದೂರದಿಂದ ನೋಡುವವನ ಕಣ್ಣಿಗೆ ಮೊದಲು ಬೀಳುವುದು ಯಾವುದು ಎಂದು ತಿಳಿದವರಿಗೆ ಹೊಳೆಯುವ ಉಪಾಯ ಅದು. ಬಾಡೆನ್‌ನ ಸಿಗ್ನಲ್ ಅಧಿಕಾರಿಯನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೆ.

ಮದ್ರಾಸಿನ ರಾತ್ರಿಯನ್ನು ನಾನು ಇಲ್ಲಿ ಉದ್ದ ಮಾಡುವುದಿಲ್ಲ. ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಊರಿನ ದೀಪಗಳು ಉರಿಯುತ್ತಿದ್ದಾಗ, ದಡಕ್ಕೆ ಮೂರು ಸಾವಿರ ಗಜದಷ್ಟು ಹತ್ತಿರ ಬಂದು ಸರ್ಚ್‌ಲೈಟ್ ಹಾಕಿ ಬರ್ಮಾ ಆಯಿಲ್ ಕಂಪನಿಯ ಸೀಮೆಎಣ್ಣೆ ಟ್ಯಾಂಕುಗಳಿಗೆ ಗುರಿಯಿಟ್ಟರು. ಸುಮಾರು 125 ಗುಂಡು. ಟ್ಯಾಂಕು ಹೊತ್ತಿ ಉರಿಯಿತು. ಕನಿಷ್ಠ ಐದು ಮಂದಿ ಸತ್ತರು. ಬಂದರಿನಲ್ಲಿ ನಿಂತಿದ್ದ ಚುಪ್ರಾ ಹಡಗಿನ ನಾವಿಕರು ಗಾಯಗೊಂಡರು. ಮರುದಿನದಿಂದ ಜನ ಊರು ಬಿಟ್ಟು ಹೊರಟರು. ಬ್ರಿಟಿಷರ ಮರ್ಯಾದೆಗೆ ಭಾರತೀಯರ ಕಣ್ಣೆದುರು ಪೆಟ್ಟು ಕೊಡುವುದು, ವ್ಯಾಪಾರ ಕೆಡಿಸುವುದು ತನ್ನ ಉದ್ದೇಶ ಎಂದು ಮುಲ್ಲರ್ ಆಮೇಲೆ ಹೇಳಿದ್ದಾನೆ. ಚೆನ್ನೈ ಹೈಕೋರ್ಟಿನ ಪೂರ್ವದ ಗೋಡೆಯ ಬಳಿ ಅದರ ನೆನಪಿನ ಕಲ್ಲು ಇದೆ, ರಜೆಗೆ ಊರಿಗೆ ಬಂದಾಗ ಹೋಗಿ ನೋಡಿದೆ. ಚೆಂಪಕರಾಮನ್ ಪಿಳ್ಳೈ ಎಂಬ ಕ್ರಾಂತಿಕಾರಿ ಆ ರಾತ್ರಿ ಎಮ್ಡೆನ್‌ನಲ್ಲೇ ಇದ್ದರು ಎಂದು ಅಲ್ಲಿ ಹಲವರು ನಂಬುತ್ತಾರೆ. ನಾನು ಓದಿದ ಯಾವ ಕಾಗದದಲ್ಲೂ ಅದಕ್ಕೆ ಆಧಾರ ಸಿಗಲಿಲ್ಲ.

ನಮ್ಮ ಕರಾವಳಿಯವರಿಗೆ ಹತ್ತಿರದ ಅಧ್ಯಾಯ ಅಕ್ಟೋಬರಿನದು. ಮಾಲ್ಡೀವ್ಸ್ ಆಸುಪಾಸು ಅಡ್ಡಾಡಿ, ಡಿಯೆಗೊ ಗಾರ್ಸಿಯಾದಲ್ಲಿ ಹಡಗಿನ ತಳ ಕೆರೆದು ಶುಚಿ ಮಾಡಿಕೊಂಡರು. ಯುದ್ಧ ಶುರುವಾಗಿದೆ ಎಂಬ ಸುದ್ದಿಯೇ ಆ ದ್ವೀಪಕ್ಕೆ ಇನ್ನೂ ಮುಟ್ಟಿರಲಿಲ್ಲ. ಅಲ್ಲಿಂದ ಎಮ್ಡೆನ್ ಮಿನಿಕಾಯ್ ಕಡೆ ಬಂತು. ಮಂಗಳೂರಿನಿಂದ ಐನೂರು ಚಿಲ್ಲರೆ ಕಿಲೋಮೀಟರ್ ದೂರದ ನೀರಿನಲ್ಲಿ, ಅಕ್ಟೋಬರ್ 15ರಿಂದ 20ರೊಳಗೆ, ಕ್ಲಾನ್ ಗ್ರಾಂಟ್, ಬೆನ್‌ಮೋರ್, ಟ್ರಾಯ್ಲಸ್ ಮೊದಲಾದ ಹಡಗುಗಳು ಸಿಕ್ಕಿಬಿದ್ದವು. ಸೆರೆಸಿಕ್ಕ ನಾವಿಕರನ್ನೆಲ್ಲ ಸೇಂಟ್ ಎಗ್ಬರ್ಟ್ ಎಂಬ ಹಡಗಿಗೆ ಹತ್ತಿಸಿ ಕೊಚ್ಚಿಗೆ ಕಳಿಸಿದರು. ಕ್ಲಾನ್ ಲೈನ್‌ನಂಥ ಕಂಪನಿಗಳ ಹಡಗುಗಳಲ್ಲಿ ಡೆಕ್ಕು, ಬಾಯ್ಲರು ಕೆಲಸವೆಲ್ಲ ಲಸ್ಕರರದು, ಅಂದರೆ ನಮ್ಮವರದೇ. ಇದೇ ಹೊತ್ತಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳಿಗೂ ಕೆಟ್ಟ ಕಾಲ ಬಂದಿತ್ತು. ಯುದ್ಧದ ವರ್ಷಗಳಲ್ಲಿ ಅವರನ್ನು ಸೆರೆಶಿಬಿರಕ್ಕೆ ಒಯ್ದರು, ಹೆಂಚಿನ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಹೋದವು.

ಮುಲ್ಲರ್ ಹಿಡಿದ ವ್ಯಾಪಾರಿ ಹಡಗುಗಳು ಇಪ್ಪತ್ತಕ್ಕೂ ಹೆಚ್ಚು. ಪ್ರತಿ ಸಲವೂ ಮೊದಲು ಜನರನ್ನು ಇಳಿಸುವುದು, ಆಮೇಲೆ ಹಡಗನ್ನು ಮುಳುಗಿಸುವುದು. ಕಬಿಂಗಾ ಹಡಗಿನ ಕಪ್ತಾನನ ಜೊತೆ ಹೆಂಡತಿ, ಮಗು ಇದ್ದರು. ಆ ಹಡಗನ್ನು ಮುಳುಗಿಸದೆ ಸೆರೆಯಾಳುಗಳನ್ನು ಅದರಲ್ಲೇ ತುಂಬಿ ಕಳಿಸಿಕೊಟ್ಟ. ಪತ್ರಿಕೆಗಳಲ್ಲಿ ಆ ನಾವಿಕರ ಹೇಳಿಕೆಗಳನ್ನು ಓದಿದಾಗ ನನಗೆ ಅಚ್ಚರಿಯಾಗಿದ್ದು, ಹಡಗು ಕಳೆದುಕೊಂಡವರೇ ಆತನನ್ನು ಮೆಚ್ಚಿ ಮಾತಾಡಿದ್ದು. ಯುದ್ಧ ಮುಂದುವರಿದು ಸಬ್‌ಮರೀನ್‌ಗಳು ಎಚ್ಚರಿಕೆ ಕೊಡದೆ ಹಡಗು ಮುಳುಗಿಸಲು ಶುರು ಮಾಡಿದ ಮೇಲೆ ಈ ರೀತಿಯ ನಡವಳಿಕೆಗೆ ಜಾಗವೇ ಉಳಿಯಲಿಲ್ಲ.

ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಜೆಮ್‌ಚುಗ್ ನೌಕೆಯನ್ನು, ಹೊರಬರುವಾಗ ಫ್ರೆಂಚರ ಮುಸ್ಕೆಯನ್ನು ಮುಳುಗಿಸಿದರು. ಮುಸ್ಕೆಯ ಬದುಕುಳಿದವರನ್ನು ನೀರಿನಿಂದ ಎತ್ತಿಕೊಂಡು ಹೋದರು. ಅಲ್ಲಿಂದ ಹನ್ನೆರಡನೇ ದಿನಕ್ಕೆ ಎಲ್ಲ ಮುಗಿಯಿತು.

ನವೆಂಬರ್ 9ರಂದು ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳ ಬಳಿ ನಡೆದ ಕಾಳಗವನ್ನು ಎರಡು ಕಡೆಯಿಂದಲೂ ಓದಬೇಕು. ಎದುರಾಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆ, ಅದರ ಕಪ್ತಾನ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಗ್ಲಾಸಪ್. ಬ್ರಿಟಿಷ್ ನೌಕಾ ಅಧಿಕಾರಿಗಳ ಸೇವಾ ಪುಟಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಎಡಿಎಂ 196 ಎಂಬ ಸಾಲಿನಲ್ಲಿ ಇವೆ. ಕೂತಲ್ಲೇ ಇಳಿಸಿಕೊಳ್ಳಬಹುದು, ಸಣ್ಣ ಶುಲ್ಕ. ಜರ್ಮನ್ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಓದಿದವರಿಗೇ ಗೊತ್ತಾಗುವುದು. ಇಲ್ಲಿ ಒಬ್ಬ ಅಧಿಕಾರಿಯ ಇಡೀ ವೃತ್ತಿ ದೊಡ್ಡ ಪುಸ್ತಕದ ಒಂದೆರಡು ಹಾಳೆಯಲ್ಲಿ: ಹಡಗು, ತಾರೀಖು, ಮೇಲಧಿಕಾರಿಗಳು ಗುಟ್ಟಾಗಿ ಬರೆದ ಅಭಿಪ್ರಾಯದ ಸಾರಾಂಶ. ಗುಮಾಸ್ತರು ಬದಲಾದಂತೆ ಶಾಯಿ, ಕೈಬರಹ ಬದಲಾಗುತ್ತದೆ. ಜಾಗ ಸಾಲದೆ ಅಂಚಿನಲ್ಲಿ ಬರೆದ ಸಾಲುಗಳಲ್ಲಿ ಎಷ್ಟೋ ಸಲ ಮುಖ್ಯವಾದದ್ದು ಇರುತ್ತದೆ. ಗ್ಲಾಸಪ್ ಹುಟ್ಟಿದ್ದು 1871ರಲ್ಲಿ, ಮುಲ್ಲರ್‌ಗಿಂತ ಎರಡು ವರ್ಷ ದೊಡ್ಡವನು. ಇಬ್ಬರೂ ಹದಿಹರೆಯದಲ್ಲಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ನಲವತ್ತು ದಾಟಿದ ಮೇಲೆ ಒಂದೇ ಒಂದು ಬೆಳಗ್ಗೆ ಎದುರಾದರು.

ಮುಲ್ಲರ್ ಕೊಕೊಸ್‌ನ ಡೈರೆಕ್ಷನ್ ದ್ವೀಪದ ತಂತಿ ಕೇಂದ್ರವನ್ನು ಕೆಡಿಸಲು ಲೆಫ್ಟಿನೆಂಟ್ ಫಾನ್ ಮ್ಯೂಕೆಯ ಜೊತೆ ಸುಮಾರು ಐವತ್ತು ಮಂದಿಯನ್ನು ದಡಕ್ಕೆ ಕಳಿಸಿದ್ದ. ಅಷ್ಟರಲ್ಲಿ ಕೇಂದ್ರದವರು ಅಪರಿಚಿತ ಹಡಗು ಬಂದಿದೆ ಎಂದು ಸಂದೇಶ ಕಳಿಸಿಬಿಟ್ಟಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸೈನಿಕರನ್ನು ಹೊತ್ತ ಹಡಗುಗಳ ಗುಂಪು ಹತ್ತಿರದಲ್ಲೇ ಸಾಗುತ್ತಿತ್ತು, ಅದರ ಕಾವಲಿನಿಂದ ಸಿಡ್ನಿ ಹೊರಟು ಬಂತು. ಎಮ್ಡೆನ್‌ನ ತೋಪು 10.5 ಸೆಂಟಿಮೀಟರಿನದು, ಸಿಡ್ನಿಯದು ಆರು ಇಂಚು, ಅಂದರೆ 15 ಸೆಂಟಿಮೀಟರಿಗೂ ಮೇಲೆ. ಓಟದಲ್ಲೂ ಸಿಡ್ನಿಯೇ ಮುಂದು. ಮೊದಲು ಗುರಿ ಮುಟ್ಟಿದ್ದು ಮಾತ್ರ ಎಮ್ಡೆನ್‌ನ ಗುಂಡು, ಸಿಡ್ನಿಯ ದೂರ ಅಳೆಯುವ ಉಪಕರಣವೇ ಹೋಯಿತು. ಅಂದರೆ ತೋಪು ಅಧಿಕಾರಿಯಾಗಿದ್ದ ಕಾಲದ ತರಬೇತಿ ಕೈ ಕೊಟ್ಟಿರಲಿಲ್ಲ. ಆದರೆ ಭಾರದ ಗುಂಡಿನ ಮುಂದೆ ಅದು ಎಷ್ಟು ಹೊತ್ತು ನಿಲ್ಲಬೇಕು? ಹನ್ನೊಂದು ಗಂಟೆ ದಾಟುವಷ್ಟರಲ್ಲಿ ಮುಲ್ಲರ್ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಏರಿಸಿದ. ಎಮ್ಡೆನ್‌ನಲ್ಲಿ ಸತ್ತವರು 130ಕ್ಕೂ ಹೆಚ್ಚು. ಸಿಡ್ನಿಯಲ್ಲಿ ನಾಲ್ವರು.

ಸಿಡ್ನಿ ಅಷ್ಟರಲ್ಲಿ ಬ್ಯೂರೆಸ್ಕ್ ಹಿಂದೆ ಹೋಗಿ, ಸಂಜೆ ನಾಲ್ಕರ ಸುಮಾರಿಗೆ ವಾಪಸು ಬಂದಾಗ ಎಮ್ಡೆನ್‌ನ ಬಾವುಟ ಇನ್ನೂ ಹಾರುತ್ತಿತ್ತು. ಶರಣಾಗುತ್ತೀರಾ ಎಂದು ಸಿಗ್ನಲ್ ಕಳಿಸಿದರೂ ತಿಳಿಯುವಂಥ ಉತ್ತರ ಬರಲಿಲ್ಲ. ಗ್ಲಾಸಪ್ ಮತ್ತೆ ಗುಂಡು ಹಾರಿಸಿದ, ಆಗ ಬಾವುಟ ಇಳಿಯಿತು. ಆ ಕೊನೆಯ ನಿಮಿಷಗಳಲ್ಲೂ ಜೀವಗಳು ಹೋದವು. ಇದರ ಬಗ್ಗೆ ಎರಡು ಕಡೆಯವರೂ ದಶಕಗಟ್ಟಲೆ ಜಗಳವಾಡಿದ್ದಾರೆ. ಲಂಡನ್ ಗೆಜೆಟ್‌ನಲ್ಲಿ ಅಚ್ಚಾದ ಗ್ಲಾಸಪ್‌ನ ವರದಿ ಓದಿದರೆ ವಿಷಯ ಎಷ್ಟು ಬಿಗಿದ ಮಾತಿನಲ್ಲಿ ದಾಟಿ ಹೋಗುತ್ತದೆಂದು ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಿಯಮದ ಪ್ರಕಾರ ಗ್ಲಾಸಪ್ ಮಾಡಿದ್ದು ಸರಿ, ಬಾವುಟ ಇಳಿಸುವುದು ಮುಲ್ಲರನ ಹೊಣೆ. ಹಾಗೆಂದು ಗಾಯಾಳುಗಳಿಂದ ತುಂಬಿದ ಆ ಡೆಕ್ಕನ್ನು ನೆನೆಸಿಕೊಂಡರೆ ನಿಯಮದ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮರುದಿನ ಬದುಕಿದ್ದವರನ್ನು ಸಿಡ್ನಿ ಹತ್ತಿಸಿಕೊಂಡಿತು. ದಡದಲ್ಲಿದ್ದ ಮ್ಯೂಕೆಯ ತಂಡ ಆಯೇಷಾ ಎಂಬ ಹಾಯಿಹಡಗು ಹಿಡಿದು ತಪ್ಪಿಸಿಕೊಂಡು, ಅರೇಬಿಯಾ ದಾಟಿ ಕಾನ್‌ಸ್ಟಾಂಟಿನೋಪಲ್ ಮುಟ್ಟಿದ್ದು ಇನ್ನೊಂದೇ ಕಥೆ.

ಸೆರೆಯ ವರ್ಷಗಳನ್ನು ಹುಡುಕಲು ಜಿನೀವಾದ ರೆಡ್‌ಕ್ರಾಸ್ ದಾಖಲೆಗಳಿವೆ. ಮೊದಲ ಮಹಾಯುದ್ಧದ ಸುಮಾರು ಇಪ್ಪತ್ತು ಲಕ್ಷ ಕೈದಿಗಳ ಚೀಟಿಗಳನ್ನು ಚಿತ್ರ ತೆಗೆದು ತಾಣದಲ್ಲಿ ಹಾಕಿದ್ದಾರೆ. ಹೆಸರು ಟೈಪು ಮಾಡಿದರೆ ನೇರ ಚೀಟಿ ಬರುವ ವ್ಯವಸ್ಥೆ ಅಲ್ಲ ಅದು. ದೇಶ ಆರಿಸಿ, ಹೆಸರಿನ ಅಂದಾಜು ಜಾಗಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಚೀಟಿ ಸರಿಸಬೇಕು. ಮುಲ್ಲರ್, ಮುಲ್ಲರ್, ಮುಲ್ಲರ್. ರೈತ, ಗಾರೆ ಕೆಲಸದವ, ಹತ್ತೊಂಬತ್ತರ ಹುಡುಗ. ಒಂದು ಚೀಟಿಯಲ್ಲಿ ಮನೆಯವರು ವಿಚಾರಿಸಿದ ತಾರೀಖು, ಕೆಳಗೆ ಸತ್ತ ತಾರೀಖು, ಅಷ್ಟೇ. ಚೀಟಿಯ ಮೇಲಿನ ಸಂಖ್ಯೆ ಹಿಡಿದು ಹೋದರೆ ಶಿಬಿರದವರು ಕಳಿಸಿದ ಪಟ್ಟಿಯ ಪುಟ ತೆರೆದುಕೊಳ್ಳುತ್ತದೆ. ಹೆಸರುವಾಸಿ ಮುಲ್ಲರನನ್ನು ಹುಡುಕಲು ಹೋದವಳು ಹೆಸರಿಲ್ಲದ ಮುಲ್ಲರರ ಚೀಟಿಗಳಲ್ಲಿ ಸಂಜೆಗಳನ್ನು ಕಳೆದೆ, ಅದಕ್ಕೆ ಬೇಸರವಿಲ್ಲ.

ಮುಲ್ಲರನನ್ನು ಮೊದಲು ಇಟ್ಟದ್ದು ಮಾಲ್ಟಾದಲ್ಲಿ. 1916ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ತಂದರು. ಸಟನ್ ಬಾನಿಂಗ್ಟನ್ನಿನ ಸುರಂಗದ ಪರಾರಿ ಬಹಳ ದೂರ ಹೋಗಲಿಲ್ಲ, ಆತನೂ ಸಿಕ್ಕಿಬಿದ್ದ. ಆ ನೆಲದಲ್ಲಿ ಮಲೇರಿಯ ಮತ್ತೆ ಕಾಡಿತು. 1918ರ ಜನವರಿಯಲ್ಲಿ ಚಿಕಿತ್ಸೆಗೆಂದು ತಟಸ್ಥ ದೇಶವಾದ ನೆದರ್ಲೆಂಡ್ಸ್‌ಗೆ ಕಳಿಸಿದರು. ಅದೇ ಮಾರ್ಚಿನಲ್ಲಿ ಜರ್ಮನಿಯ ಅತ್ಯುನ್ನತ ಪದಕ ಪುರ್ ಲೆ ಮೆರಿಟ್, ಜೊತೆಗೆ ಪೂರ್ಣ ಕಪ್ತಾನನ ದರ್ಜೆ. ಎಮ್ಡೆನ್ ನಾಶವಾಗಿ ಮೂರು ವರ್ಷದ ಮೇಲಾಗಿತ್ತು. ಬಾವುಟದ ಪ್ರಶ್ನೆ, ಹಡಗು ಕಳೆದುಕೊಂಡ ಪ್ರಶ್ನೆ ಇವೆಲ್ಲ ಆ ತಡಕ್ಕೆ ಕಾರಣವಿರಬಹುದೇ ಎಂದು ಗೆಳತಿ, ನಾನು ತುಂಬಾ ಚರ್ಚಿಸಿದ್ದೇವೆ. ಅಕ್ಟೋಬರಿನಲ್ಲಿ ಊರಿಗೆ ಮುಟ್ಟಿದ. ಮರುತಿಂಗಳು ಕೈಸರನೇ ಇರಲಿಲ್ಲ, ಆತ ಕೆಲಸ ಮಾಡಿದ ನೌಕಾಪಡೆಯೂ ಇರಲಿಲ್ಲ.

1919ರ ಆರಂಭದಲ್ಲಿ ಅನಾರೋಗ್ಯದ ಕಾರಣಕ್ಕೆ ನಿವೃತ್ತಿ. ಬ್ರೌನ್‌ಶ್ವೈಗ್‌ನಲ್ಲಿ ನೆಲೆಸಿ ಅಲ್ಲಿನ ಪ್ರಾಂತೀಯ ಸಭೆಗೆ ಆರಿಸಿ ಬಂದ. ಆ ಹೊತ್ತಿಗೆ ಎಮ್ಡೆನ್ ಬಗ್ಗೆ ಪುಸ್ತಕ ಬರೆದವರಿಗೆ ಜರ್ಮನಿಯಲ್ಲಿ ಒಳ್ಳೆ ಗಿರಾಕಿ ಇತ್ತು, ಆತನ ಅಧಿಕಾರಿಗಳೇ ಬರೆದರು. ಮುಲ್ಲರ್ ಬರೆಯಲು ಒಪ್ಪಲಿಲ್ಲ. ಜೊತೆಯವರ ರಕ್ತದಿಂದ ದುಡ್ಡು ಮಾಡಿದ ಹಾಗೆ ಅನ್ನಿಸುತ್ತದೆ ಎಂಬುದು ಆತ ಕೊಟ್ಟ ಕಾರಣ. ಹಾಗಾಗಿಯೇ ನಾವು ಇಷ್ಟು ಪಟ್ಟಿಗಳನ್ನು ತಿರುವಬೇಕಾಗಿ ಬಂದದ್ದು. 1923ರ ಮಾರ್ಚ್ 11ರಂದು, ಇನ್ನೂ ಐವತ್ತು ತುಂಬದೆ, ತೀರಿಕೊಂಡ. ಪೂರ್ವ ಆಫ್ರಿಕದ ಜ್ವರ ಆ ದೇಹದಲ್ಲಿ ಹೆಚ್ಚೇನೂ ಉಳಿಸಿರಲಿಲ್ಲ.

ಮುಲ್ಲರನ ಸಾಲು ಈಗ ನನ್ನ ಬಳಿ ಹುಟ್ಟಿನಿಂದ ಸಾವಿನವರೆಗೆ ಪೂರ್ತಿ ಇದೆ. ಇನ್ನು ಮಾಡಬೇಕೆಂದಿರುವುದು ಆಚೆ ಬದಿಯ ಕೆಲಸ. ಮದ್ರಾಸಿನಲ್ಲಿ ಆ ರಾತ್ರಿ ಸತ್ತವರು, ಕ್ಲಾನ್ ಗ್ರಾಂಟ್‌ನಂಥ ಹಡಗುಗಳಿಂದ ಇಳಿದು ಕೊಚ್ಚಿಗೆ ಬಂದ ಲಸ್ಕರರು, ಇವರ ಹೆಸರು ಯಾವ ರಾಂಗ್‌ಲಿಸ್ಟೆಯಲ್ಲೂ ಬರುವುದಿಲ್ಲ. ಹಡಗಿನ ಸಿಬ್ಬಂದಿ ಒಪ್ಪಂದದ ಕಾಗದಗಳು, 1914ರ ಮದ್ರಾಸಿನ ಪತ್ರಿಕೆಗಳು, ಬಂದರು ಕಚೇರಿಯ ಕಡತಗಳು, ಇಲ್ಲಿಂದ ಶುರು ಮಾಡಿದ್ದೇನೆ. ಕರಾವಳಿಯ ಮನೆಗಳಲ್ಲಿ ಆ ಕಾಲದಲ್ಲಿ ಬ್ರಿಟಿಷ್ ಹಡಗಿಗೆ ಹೋಗಿ ದುಡಿದ ಹಿರಿಯರ ಡಿಸ್ಚಾರ್ಜ್ ಪುಸ್ತಕವೋ ಕಾಗದವೋ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಹಡಗಿನ ಹೆಸರು ಮತ್ತು ತಾರೀಖು ಇರುವ ಪುಟವನ್ನು ದಯವಿಟ್ಟು ಎಸೆಯಬೇಡಿ.